ಸಹಾಯ ಬೇಕು: ಜಿಮ್ ನಿಂತಿದೆ, ಸ್ನಾಯು ಉಳಿಸಿಕೊಳ್ಳುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಬಲ ಭುಜಕ್ಕೆ ಪೆಟ್ಟಾಗಿ ಜಿಮ್ ನಿಂತಿದೆ. ಇನ್ನೂ ಕೆಲವು ವಾರ ಆ ಕೈಯಲ್ಲಿ ಭಾರ ಎತ್ತಬೇಡಿ ಅಂತ ಡಾಕ್ಟರ್ ಹೇಳಿದ್ದಾರೆ. ತೂಕ ಮೊದಲಿನಷ್ಟೇ ಇದೆ. ಆದರೆ ಟೀ ಶರ್ಟಿನ ತೋಳು ಸಡಿಲವಾಗಿದೆ, ಪ್ಯಾಂಟಿನ ಗುಂಡಿ ಹಾಕಲು ಉಸಿರು ಬಿಗಿಹಿಡಿಯಬೇಕು!

‘ಸ್ನಾಯುವೆಲ್ಲ ಕೊಬ್ಬಾಗಿಬಿಡುತ್ತೆ ನೋಡು’ ಅಂತ ಸುಮ್ನೆ ಹೆದರಿಸುವವರು ಬೇಕಾದಷ್ಟು ಜನ. ಅದು ನಿಜವಲ್ಲ. ಎರಡೂ ಬೇರೆ ಬೇರೆ ಜೀವಕೋಶಗಳು, ಒಂದು ಇನ್ನೊಂದಾಗಲ್ಲ. ಕೆಲಸವಿಲ್ಲದ ಸ್ನಾಯು ಸಣ್ಣಗಾಗುತ್ತದೆ. ಖರ್ಚಿಗಿಂತ ಊಟ ಜಾಸ್ತಿಯಾದರೆ ಕೊಬ್ಬು ಸೇರುತ್ತದೆ. ಎರಡೂ ಒಟ್ಟಿಗೆ ನಡೆಯುವುದರಿಂದ ಹಾಗೆ ಕಾಣುತ್ತದೆ, ಅಷ್ಟೇ. ಶುರುವಿನಲ್ಲಿ ತೋಳು ಇಳಿಯುವುದರಲ್ಲಿ ಗ್ಲೈಕೋಜನ್ (ಸ್ನಾಯು ತನ್ನೊಳಗೆ ಕೂಡಿಟ್ಟುಕೊಳ್ಳುವ ಸಕ್ಕರೆಯ ರೂಪ) ಮತ್ತು ನೀರಿನ ಪಾಲೂ ಇರುತ್ತದೆ. 1 ಗ್ರಾಂ ಗ್ಲೈಕೋಜನ್ ಜೊತೆ ಸುಮಾರು 3 ಗ್ರಾಂ ನೀರು ಇರುತ್ತದಲ್ವಾ? ಬಲ 3-4 ವಾರ ಹೆಚ್ಚೇನೂ ಕುಗ್ಗಲ್ಲ, ದಮ್ಮು ಮಾತ್ರ ಬೇಗ ಇಳಿಯುತ್ತೆ. ಮೆಟ್ಟಿಲು ಹತ್ತುವಾಗ ಗೊತ್ತಾಗುತ್ತಿದೆ.

ನನ್ನ ಪ್ರಶ್ನೆ ಇದು. ಒಂದೇ ಕೈಗೆ ವ್ಯಾಯಾಮ ಮಾಡಿದರೂ ನರಗಳ ಮೂಲಕ ಇನ್ನೊಂದು ಕೈಯ ಬಲ ಸ್ವಲ್ಪ ಉಳಿಯುತ್ತದೆ ಅಂತ ಓದಿದ್ದೇನೆ. ಹೀಗೆ ಮಾಡಿ ನೋಡಿದವರು ಇದ್ದೀರಾ? ಎಡಗೈಗೆ ಎಷ್ಟು ಭಾರ, ವಾರಕ್ಕೆ ಎಷ್ಟು ಸಲ ಇಟ್ಟುಕೊಂಡಿದ್ರಿ? ಕಾಲಿನ ವ್ಯಾಯಾಮದಲ್ಲಿ ಭುಜಕ್ಕೆ ಭಾರ ಬೀಳದಂಥವು ಯಾವುವು? ಊಟ ಎಷ್ಟು ಇಳಿಸಬೇಕು ಅನ್ನೋದೂ ಗೊಂದಲ. ಪ್ರೋಟೀನ್ ಕಡಿಮೆ ಮಾಡುವ ಯೋಚನೆಯಂತೂ ಇಲ್ಲ. ಗಾಯದಿಂದ ಎದ್ದು ಮತ್ತೆ ಶುರು ಮಾಡಿದವರು, ಫಿಸಿಯೋಥೆರಪಿ ಗೊತ್ತಿರುವವರು ದಯವಿಟ್ಟು ತಿಳಿಸಿ. ಪುಡಿ, ಮಾತ್ರೆ ಮಾರುವವರು ಮಾತ್ರ ಬೇಡ.