ಎಲೆಕ್ಟ್ರಾನಿಕ್ ತಂಬೂರಿ ಶ್ರುತಿ ಇಳೀತೈತಿ, ಒಳಗಿನ ಪ್ರೀಸೆಟ್ ತಿರುವಬೇಕೇನ್ರಿ?

ಹಾವೇರಿಯಿಂದ ಕೇಳಿದ್ದು:

ನಮಸ್ಕಾರ್ರಿ ಎಲ್ಲಾರಿಗೂ. ನಮ್ಮವ್ವ ಮನ್ಯಾಗ ಹುಡುಗೋರಿಗೆ ಹಿಂದೂಸ್ತಾನಿ ಕಲಸ್ತಾಳ. ಅಕಿ ಎಲೆಕ್ಟ್ರಾನಿಕ್ ತಂಬೂರಿ ಹದಿನೈದು ವರ್ಷದ್ದು. ಮುಂಜಾನೆ ಹಚ್ಚಿದಾಗ ಕರಿ ನಾಕಕ್ಕ (ಹಾರ್ಮೋನಿಯಂನ ನಾಕನೇ ಕರಿ ಮಣಿ ಸ್ವರಕ್ಕ) ಸರಿ ಇರ್ತೈತಿ, ಅರ್ಧಾ ತಾಸಿನ್ಯಾಗ ಇಳಕೋಂತ ಹೋಗ್ತೈತಿ, ಮೊಬೈಲಿನ ಟ್ಯೂನರ್ ಆ್ಯಪ್‌ನ್ಯಾಗ 30 ಸೆಂಟ್ (ಒಂದು ಮಣಿಯಿಂದ ಪಕ್ಕದ ಮಣಿಗೆ 100 ಸೆಂಟ್) ಕಡಿಮಿ ತೋರಿಸ್ತು. ಜೋಡಿಗೆ ಗುಂಯ್ ಅನ್ನೂ ಸಪ್ಪಳ, ವಾಲ್ಯೂಮ್ ತಿರುವಿದ್ರ ಕರಕರ. ಹಳೇ ಅಡಾಪ್ಟರ್ ಸುಟ್ಟಿತ್ತು, ಹೋದ ವರ್ಷ ಪ್ಯಾಟ್ಯಾಗಿಂದ ಬ್ಯಾರೆ ಒಂದು ತಂದು ಹಚ್ಚೇವಿ. ಮುಚ್ಚಳಾ ಬಿಚ್ಚಿ ನೋಡಿದೆ, ನಾಕು ನೀಲಿ ಪ್ರೀಸೆಟ್ (ಸ್ಕ್ರೂ ಡ್ರೈವರಿನಿಂದ ತಿರುವೂ ಸಣ್ಣ ರೆಸಿಸ್ಟರ್) ಅದಾವ. ಅವನ್ನ ತಿರುವಿ ಸರಿ ಮಾಡಬಹುದೇನ್ರಿ? ಸೋಲ್ಡರಿಂಗ್ ಬರ್ತೈತಿ, ಅಗ್ಗದ ಹಳದಿ ಮಲ್ಟಿಮೀಟರ್ ಐತಿ. ಇಲ್ಲೆ ಪಾರ್ಟ್ ಸಿಗವಲ್ವು.

ಧಾರವಾಡದಿಂದ:

ಅಕ್ಕಾರ, ಆ ನೀಲಿ ಪ್ರೀಸೆಟ್ ಈಗ ಮುಟ್ಟಬ್ಯಾಡ್ರಿ. ನಾ ಒಮ್ಮೆ ಮುಟ್ಟೇನಿ, ಅದಕ್ಕ ಹೇಳಾಕತ್ತೇನಿ. ನಮ್ಮ ಓಣ್ಯಾಗಿನ ಒಬ್ಬ ಗಾಯಕರ ಪೆಟ್ಟಿಗಿ ಹಿಂಗ ಶ್ರುತಿ ಇಳದು ಬಂದಿತ್ತು, ನಾ ನಾಕೂ ಪ್ರೀಸೆಟ್ ತಿರುವಿ ಆ ಹೊತ್ತಿಗೆ ಸರಿ ಮಾಡಿ ಕೊಟ್ಟೆ, ಮರುದಿನ ಮುಂಜಾನೆ ತಣ್ಣಗಿದ್ದಾಗ ಅವರು ಹಚ್ಚಿದ್ರ ಪಂಚಮ ಒಂದು ಕಡೆ ಷಡ್ಜ ಒಂದು ಕಡೆ, ಮೊದಲ ಎಲ್ಲಿದ್ವು ಅನ್ನೂ ಗುರ್ತೂ ನಾ ಇಟ್ಟಿರಲಿಲ್ಲ. ಸಮಸ್ಯೆ ಇದ್ದದ್ದು ಕರೆಂಟ್ ಬರೂ ದಾರ್ಯಾಗ. ವಿಚಾರ ಮಾಡ್ರಿ, ಮುಂಜಾನೆ ಸರಿ ಇದ್ದು, ಕಾದಮ್ಯಾಲ ಇಳದು, ಮರುದಿನ ಮುಂಜಾನೆ ಮತ್ತ ಸರಿ ಇರ್ತೈತಿ ಅಂದ್ರ ಪ್ರೀಸೆಟ್ ಎಲ್ಲಿ ಇತ್ತೋ ಅಲ್ಲೇ ಐತಿ. ಅದು ರಾತ್ರಿ ತಾನ ತಿರುಗಿ ವಾಪಸ್ ಬರೂ ಸಾಮಾನಲ್ಲ. ಬದಲಾಗಾಕತ್ತಿದ್ದು ಬ್ಯಾರೆ ಏನೋ ಐತಿ, ಅದನ್ನ ಹಿಡೀಬೇಕು.

ಈ ಪೆಟ್ಟಿಗಿಯೊಳಗ ಎರಡು ತರಾ ಬರ್ತಾವ. ಹೊಸಾವು ರೆಕಾರ್ಡ್ ಮಾಡಿದ ತಂಬೂರಿ ಧ್ವನಿ ನುಡಸ್ತಾವ, ಅವುಗಳ ಶ್ರುತಿ ಕ್ರಿಸ್ಟಲ್ ಮ್ಯಾಲ ನಿಂತಿರ್ತೈತಿ, 30 ಸೆಂಟ್ ಸುಮ್ಮನ ಇಳಿಯೂದಿಲ್ಲ. ನಿಮ್ಮದರಾಗ ನಾಕು ಪ್ರೀಸೆಟ್ ಅದಾವ ಅಂದ್ರ ತಂತಿಗೊಂದು ಆಸಿಲೇಟರ್ (ಸ್ವರ ಹುಟ್ಟಸೂ ಸರ್ಕ್ಯೂಟ್) ಇರೂ ಹಳೇ ಅನಲಾಗ್ ಮಾದರಿ ಇರಬೇಕು. ಅದರ ಸ್ವರ ನಿಲ್ಲೂದು ಕಂಡೆನ್ಸರ್ ಮತ್ತ ರೆಸಿಸ್ಟರ್ ಮ್ಯಾಲ, ಭಾಳ ಸರ್ಕ್ಯೂಟಿನ್ಯಾಗ ವೋಲ್ಟೇಜ್ ಮ್ಯಾಲೂ. 555 ಅನ್ನೂ ಐಸಿ ಇದ್ರ ವೋಲ್ಟೇಜ್ ಇಳದ್ರೂ ಸ್ವರ ಅಷ್ಟು ಜಗ್ಗೂದಿಲ್ಲ, ಆದ್ರ 40106 ಇಲ್ಲಾ 4046 ಇದ್ರ ವೋಲ್ಟೇಜ್ ಸ್ವಲ್ಪ ಅಲಗ್ಯಾಡಿದ್ರೂ ಸ್ವರ ಅಲಗ್ಯಾಡ್ತೈತಿ. ಐಸಿ ಮ್ಯಾಲಿನ ನಂಬರ್ ಓದಿ ಬರಕೊಳ್ರಿ. 30 ಸೆಂಟ್ ಅಂದ್ರ ಬರೇ ಪೌಣೆ ಎರಡು ಪರ್ಸೆಂಟ್, ಕರಿ ನಾಕರ ಷಡ್ಜ 207.65 ಹರ್ಟ್ಜ್ ಇದ್ದದ್ದು 204ಕ್ಕ ಬರ್ತೈತಿ ಅಷ್ಟ. ಮೀಟರಿಗೆ ಸಣ್ಣದು, ನಿಮ್ಮ ಅವ್ವಾರ ಕಿವಿಗೆ ಭಾಳ ದೊಡ್ಡದು.

ಈಗ ಆ ಗುಂಯ್ ಸಪ್ಪಳಾ. ಅದು ಬ್ಯಾರೆ ತಕರಾರ ಅಂತ ತಿಳೀಬ್ಯಾಡ್ರಿ. ನಮ್ಮ ಲೈನ್ 50 ಹರ್ಟ್ಜ್, ಬ್ರಿಜ್ ಡಯೋಡ್ ದಾಟಿದ ಮ್ಯಾಲ ಅದು 100 ಹರ್ಟ್ಜ್ ಆಗ್ತೈತಿ, ಫಿಲ್ಟರ್ ಕಂಡೆನ್ಸರ್ ಒಣಗಿದ್ರ ಆ 100 ಹರ್ಟ್ಜ್ ಸೀದಾ ಸ್ಪೀಕರಿಗೆ ಬರ್ತೈತಿ. ಕರಿ ನಾಕರ ಖರಜ, ಅಂದ್ರ ಕೆಳಗಿನ ಸಪ್ತಕದ ಷಡ್ಜ, ಎಷ್ಟು ಗೊತ್ತೇನ್ರಿ? 103.83. ಅಂದ್ರ ಗುಂಯ್ ಸಪ್ಪಳಕ್ಕೂ ಖರಜಕ್ಕೂ ಸೆಕೆಂಡಿಗೆ ಸುಮಾರು ನಾಕು ಸಲ ಬಡಿದಾಟ, ವ್ಹಾವ್ ವ್ಹಾವ್ ಅಂತ. ಕೇಳಿದವರಿಗೆ ಖರಜದ ತಂತಿನ ಬಿಟ್ಟೈತಿ ಅನಸ್ತೈತಿ, ಖರಜ ಮಾತ್ರ ತನ್ನ ಜಾಗಾದಾಗ ಸರಿ ಇರಬಹುದು. ಹೆಡ್‌ಫೋನ್ ಹಚ್ಚಿ ಒಮ್ಮೆ ಕೇಳ್ರಿ. ಇದನ್ನ ತಿಳೀದನ ಭಾಳ ಮಂದಿ ಖರಜದ ಪ್ರೀಸೆಟ್ ಕೆಡಿಸ್ಯಾರ.

ನಂಗ ಮೊದಲನೇ ಗುಮಾನಿ ನಿಮ್ಮ ಹೊಸಾ ಅಡಾಪ್ಟರ್ ಮ್ಯಾಲ. ಪೆಟ್ಟಿಗಿ ತಳದಾಗ ಎಷ್ಟು ವೋಲ್ಟ್ ಬರದಾರ ನೋಡ್ರಿ, ಪ್ಲಸ್ಸು ಪಿನ್ನಿನ ನಡುವ ಐತೋ ಹೊರಗಿನ ಬಳಿಗೆ ಐತೋ ಆ ಗುರ್ತೂ ನೋಡ್ರಿ, ಹಳೇ ಸೆಟ್ಟಿನ್ಯಾಗ ನಡುವ ಮೈನಸ್ಸು ಇರೂದುಂಟು. ಒಳಗ ವೋಲ್ಟೇಜ್ ಒಂದ ಸಮ ಇಡೂ ಮೂರು ಕಾಲಿನ ರೆಗ್ಯುಲೇಟರ್ ಇರ್ತೈತಿ. 7809 ಅಂತ ಇದ್ರ ಅದಕ್ಕ ಒಳಗ ಬರೂದು 11 ವೋಲ್ಟ್‌ಕ್ಕಿಂತ ಕೆಳಗ ಇಳೀಬಾರದು, ಎರಡು ವೋಲ್ಟ್ ಮೇಲಕ್ಕ ಇಟ್ರ ಅಷ್ಟ ಅದು ತನ್ನ ಕೆಲಸಾ ಮಾಡ್ತೈತಿ. 12 ವೋಲ್ಟಿಂದು ಬೇಕಾದಲ್ಲಿ 9 ವೋಲ್ಟಿನ ಟ್ರಾನ್ಸ್‌ಫಾರ್ಮರ್ ಅಡಾಪ್ಟರ್ ಹಚ್ಚಿದ್ರೂ ಸೆಟ್ ಶುರು ಆಗ್ತೈತಿ, ಅಲ್ಲೇ ಮೋಸ ಇರೂದು. ಅಂಥಾ ಅಡಾಪ್ಟರ್ ಲೋಡ್ ಕಮ್ಮಿ ಇದ್ರ 9 ಬರದದ್ದಕ್ಕಿಂತ ಜಾಸ್ತಿನ ಕೊಡ್ತೈತಿ, ಕಾದಮ್ಯಾಲ, ಊರಾಗ ಲೈನ್ ವೋಲ್ಟೇಜ್ ಬಿದ್ದಾಗ ಇಳೀತೈತಿ, ರೆಗ್ಯುಲೇಟರ್ ಕೈಬಿಡ್ತೈತಿ, ಶ್ರುತೀನೂ ಇಳೀತೈತಿ. ತಣ್ಣಗಿದ್ದಾಗೊಮ್ಮೆ, ಅರ್ಧಾ ತಾಸು ಬಿಟ್ಟೊಮ್ಮೆ ರೆಗ್ಯುಲೇಟರಿನ ಒಳಗಿನ ಕಾಲು, ಹೊರಗಿನ ಕಾಲು ಎರಡೂ ಅಳದು ಇಲ್ಲೆ ಬರೀರಿ. ಪೆಟ್ಟಿಗ್ಯಾಗ 12 ಅಂತಿದ್ರ ಎಂಟು ಪೆನ್ಸಿಲ್ ಸೆಲ್ ಸಾಲಾಗಿ ಹಚ್ಚಿಯೂ ನೋಡ್ರಿ. ಸೆಲ್ ಮ್ಯಾಲ ಗುಂಯ್ ಹೋಗಿ ಶ್ರುತಿ ನಿಂತ್ರ ಬೋರ್ಡಿನ ತಪ್ಪಲ್ಲ.

ಮೀಟರ್ ಬಗ್ಗೆ ಒಂದು ಮಾತು. ಆ ಹಳದಿ ಮೀಟರಿನ 9 ವೋಲ್ಟ್ ಬ್ಯಾಟರಿ ಇಳದ್ರ ಅದು ಇದ್ದದ್ದಕ್ಕಿಂತ ಜಾಸ್ತಿ ತೋರಸ್ತೈತಿ, ಅದಕ್ಕ ಮೊದಲ ಹೊಸಾ ಬ್ಯಾಟರಿ ಹಾಕ್ರಿ. ಎಸಿ ಕಡೆ ಅದರ ಸಣ್ಣ ರೇಂಜ್ ಸಾಮಾನ್ಯ 200 ವೋಲ್ಟು, ಅದರಿಂದ ರಿಪಲ್ (ಡಿಸಿಯಾಗ ಉಳದ ಆ 100 ಹರ್ಟ್ಜ್ ಅಲುಗಾಟ) ಅಳಿಯಾಕ ಹೋಗಬ್ಯಾಡ್ರಿ, ಸುಳ್ಳ ಹೇಳ್ತೈತಿ. ಡಿಸಿ ಮೇಲೆ ಸಂಶಯ ಇದ್ರ ಟಿಎಲ್431 ಅನ್ನೂ ಗೊತ್ತಾದ ವೋಲ್ಟೇಜ್ ಕೊಡೂ ಒಂದು ಸಣ್ಣ ಐಸಿ ತಗೊಂಡು ರೆಫರೆನ್ಸ್ ಕಾಲು ಕ್ಯಾಥೋಡಿಗೆ ಕೂಡಿಸಿ, ಆನೋಡ್ ಮೈನಸ್ಸಿಗೆ ಕೊಟ್ಟು, ಒಂದು ಕೆ ರೆಸಿಸ್ಟರ್ ಮೂಲಕ 9 ವೋಲ್ಟ್ ಕೊಡ್ರಿ, 2.495ರ ಆಜೂಬಾಜೂ ಬರಬೇಕು. ಸಾದಾ ಗ್ರೇಡಿನದು 2.44ರಿಂದ 2.55 ತನಕ ಬರಬಹುದು, ಅದಕ್ಕ ಅದನ್ನ ನೋಡಿ ಮೀಟರ್ ಒಳಗಿನ ಪ್ರೀಸೆಟ್ ತಿರುವಬ್ಯಾಡ್ರಿ, ಮೀಟರ್ ಪೂರ್ತಿ ದಾರಿ ತಪ್ಪಿಲ್ಲ ಅನ್ನೂದಷ್ಟ ಖಾತ್ರಿ ಮಾಡಕೊಳ್ರಿ.

ರೆಗ್ಯುಲೇಟರ್ ಔಟ್‌ಪುಟ್ ಗಟ್ಟಿ ನಿಂತೂ ಶ್ರುತಿ ಇಳದ್ರ ಅವಾಗ ಬಿಸಿಯಿಂದ ಬದಲಾಗೂ ಪಾರ್ಟ್ ಹುಡುಕೂದು. ಟ್ಯೂನರ್ ಆ್ಯಪ್ ಹಚ್ಚಿ ಎದುರಿಗೆ ಇಟಗೊಂಡು, ಸೆಟ್ ಕಾದಮ್ಯಾಲ ಸಣ್ಣ ಅರಳಿ ಉಂಡೀನ ಸ್ಪಿರಿಟಿನ್ಯಾಗ ಅದ್ದಿ ಆಸಿಲೇಟರಿನ ಕಂಡೆನ್ಸರಿಗೆ ಒಂದೊಂದಕ್ಕ ಮುಟ್ಟಸ್ರಿ, ಸ್ಪಿರಿಟ್ ಆರೂವಾಗ ಅದು ತಣ್ಣಗ ಆಗ್ತೈತಿ, ಯಾವದಕ್ಕ ಮುಟ್ಟಿಸಿದಾಗ ಮುಳ್ಳು ಮೇಲೇರ್ತೈತೋ ಅದ ಕಳ್ಳ. ಆ ಹೊತ್ತಿನ್ಯಾಗ ಸೋಲ್ಡರ್ ಕಾವು ದೂರ ಇಡ್ರಿ, ಸ್ಪಿರಿಟ್ ಹತಗೋತೈತಿ. ಕಂಡೆನ್ಸರ್ ಒಂದು ಪರ್ಸೆಂಟ್ ಹೆಚ್ಚಾದ್ರ ಸ್ವರ 17 ಸೆಂಟ್ ಇಳೀತೈತಿ, ಅದಕ್ಕ ಇಲ್ಲೆ ಸಿಕ್ಕಿದ್ದು ಹಾಕೂ ಹಂಗಿಲ್ಲ. ಮೈಲಾರ್ (ಪ್ಲಾಸ್ಟಿಕ್ ಹಾಳಿ ಕಂಡೆನ್ಸರ್) ಇದ್ದಲ್ಲಿ ಮೈಲಾರ್‌ನ ಹಾಕ್ರಿ. ಬಿಸ್ಕೀಟ್ ಬಣ್ಣದ ಡಿಸ್ಕ್ ಸಿರಾಮಿಕ್ ಸ್ವರ ಹಿಡಿಯೂ ಜಾಗಾದಾಗ ಬ್ಯಾಡ, ವೈ5ವಿ ಅನ್ನೂ ಜಾತೀದು ಬಿಸಿ ತಂಪಿಗೆ 22 ಪರ್ಸೆಂಟ್ ಏರಿ 82 ಪರ್ಸೆಂಟ್ ತನಕ ಇಳಿಯೂಕ ಅದರ ಗ್ರೇಡಿನ್ಯಾಗ ಪರವಾನಗಿ ಐತಿ.

ಪಾರ್ಟಿಗೆ ಹುಬ್ಬಳ್ಳಿಗೆ ಬಂದ್ರ ಕೊಪ್ಪೀಕರ ರೋಡ್ ಸುತ್ತಮುತ್ತ ಕೇಳಕೋಂತ ಒಂದು ಸುತ್ತು ಹಾಕ್ರಿ, ಬಿಚ್ಚಿದ ಹಳೇ ಪಾರ್ಟ್ ಕೈಯಾಗ ಇರಲಿ, ಬಾಯಿಲೆ ಹೇಳಿ ತಂದದ್ದು ಅರ್ಧಾ ಸಲ ತಪ್ಪಾಗ್ತೈತಿ. ಕೌಂಟರಿನ್ಯಾಗ ಮೈಕ್ರೋಫ್ಯಾರಡ್ ಅನ್ನೂದಿಲ್ಲ, ಸಾವಿರ ಎಂಎಫ್‌ಡಿ 25 ವೋಲ್ಟ್ ಕಂಡೆನ್ಸರ್ ಕೊಡ್ರಿ ಅನ್ರಿ. ವೋಲ್ಟ್ ಜಾಸ್ತಿ ಇದ್ರ ನಡೀತೈತಿ, ಕಮ್ಮಿ ಬ್ಯಾಡ, 105 ಡಿಗ್ರಿ ಬರದದ್ದು ಸಿಕ್ರ ಅದನ್ನ ತಗೊಳ್ರಿ. ಇಲ್ಲೆ ಸಿಗದ ಐಸಿ ಬೆಂಗಳೂರಿನ ಎಸ್‌ಪಿ ರೋಡಿಂದ ಯಾರರೆ ಬರೂವಾಗ ತರಸ್ರಿ. ಆನ್‌ಲೈನ್‌ನ್ಯಾಗ ತೀರಾ ಅಗ್ಗಕ್ಕ ಸಿಗೂ ಐಸಿಯಾಗ ನಂಬರ್ ಅಳಿಸಿ ಹೊಸಾದು ಬರದದ್ದು ನನ್ನ ಕೈಗೇ ಬಂದೈತಿ, ಒಂದಕ್ಕ ಎರಡು ತರಸಿ ಸಾಕೆಟ್ ಹಾಕಿ ನೋಡ್ರಿ.

ಗದಗಿನಿಂದ:

ಮ್ಯಾಲ ಹೇಳಿದ್ದು ಬರೋಬ್ಬರಿ ಐತಿ, ನಾ ಟಿವಿ ರಿಪೇರಿ ಮಾಡಾಂವ, ಆ ಕರಕರ ಬಗ್ಗೆ ಅಷ್ಟ ಹೇಳ್ತೇನಿ. ವಾಲ್ಯೂಮ್ ಕಂಟ್ರೋಲ್ ಒಳಗ ಕಾಂಟ್ಯಾಕ್ಟ್ ಕ್ಲೀನರ್ ಒಂದು ಹನಿ ಬಿಟ್ಟು ಈ ತುದಿಯಿಂದ ಆ ತುದಿಗೆ ಮೂವತ್ತು ಸಲ ತಿರುವ್ರಿ, ತುಕ್ಕು ಬಿಡಸೂ ಎಣ್ಣಿ ಸ್ಪ್ರೇ ಹೊಡೀಬ್ಯಾಡ್ರಿ, ಎರಡು ದಿನ ಚಲೋ ಅನಿಸಿ ಆಮ್ಯಾಲ ಧೂಳು ಹಿಡೀತೈತಿ. ಬದಲಿ ಮಾಡೂದಾದ್ರ ಬೆನ್ನಿನ ಮ್ಯಾಲ ಎ ಅಂತ ಐತೋ ಬಿ ಅಂತ ಐತೋ ನೋಡ್ರಿ, ವಾಲ್ಯೂಮಿಗೆ ಎ (ಲಾಗ್), ಶ್ರುತಿ ತಿರುವೂದಕ್ಕ ಸಾಮಾನ್ಯ ಬಿ (ಒಂದ ಸಮ ಏರೂದು), ಅದಲಿ ಬದಲಿ ಆದ್ರ ಒಂದು ಕಡೆ ಎಲ್ಲಾ ಸ್ವರ ಇಕ್ಕಟ್ಟಾಗಿ ಕುಂದರ್ತಾವ.

ಇನ್ನೊಂದು. ನಮ್ಮೂರಾಗ ವೀರೇಶ್ವರ ಪುಣ್ಯಾಶ್ರಮ ಇರೂದ್ರಿಂದ ಕಣ್ಣು ಕಾಣದ ಗಾಯಕರ ಸೆಟ್ ನನ್ನ ಹತ್ರ ಬರ್ತಾವ. ಒಬ್ಬರಿಗೆ ನಾ ಶ್ರುತಿ ತಿರುವೂ ಗುಬುಟು (ನಾಬ್) ಬದಲಿ ಮಾಡಿ ಕೊಟ್ಟೆ, ಬ್ಯಾರೆ ಎಲ್ಲಾ ಸರಿ ಇತ್ತು, ಆದ್ರ ಹಳೇ ಗುಬುಟಿನ ಮ್ಯಾಲಿನ ಏಣು ಹೊಸಾದ್ರಾಗ ಇರಲಿಲ್ಲ, ಅವರು ಬೆರಳಿನಿಂದ ಕರಿ ಒಂದು ಎಲ್ಲೈತಿ ಅಂತ ಆ ಏಣಿನ್ಯಾಗ ಹಿಡೀತಿದ್ರು. ಅವತ್ತಿನಿಂದ ಹಳೇ ಗುಬುಟನ್ನ ಕೂಡೂವಂಥಾ ದಂಡು ಇರೂ ಕಂಟ್ರೋಲ್‌ನ ಹುಡುಕಿ ಹಾಕ್ತೇನಿ, ಎರಡು ವಾರ ಆದ್ರೂ ಆಗವಲ್ಲದ್ಯಾಕ. ನಿಮ್ಮ ಅವ್ವಾರ ಕೈಗೂ ಹದಿನೈದು ವರ್ಷದ ರೂಢಿ ಇರ್ತೈತಿ, ಗುಬುಟು ತಗೀಯೂಕ ಮೊದಲ ಅದು ಎಲ್ಲಿ ನಿಂತೈತಿ ಅಂತ ಫೋಟೋ ಹೊಡಕೊಳ್ರಿ. ಸೆಲ್ ಡಬ್ಬಿ ಇದ್ರ ಸೋರಿಕೀನೂ ನೋಡ್ರಿ, ಆಲ್ಕಲೈನ್ ಸೆಲ್ ಸೋರಿದ್ರ ವಿನೆಗರ್ ಹಚ್ಚಿ ಒರಸಬೇಕು, ಸಾದಾ ಸೆಲ್ ಇದ್ರ ಅಡಗಿ ಸೋಡಾ ನೀರು.

ಹಾವೇರಿಯಿಂದ:

ಅಣ್ಣಾರ, ಅಳದೆ. ತಳದಾಗ ಡಿಸಿ 12 ಅಂತ ಐತಿ, ನಾವು ತಂದ ಅಡಾಪ್ಟರ್ ಮ್ಯಾಲ 9! ಒಳಗ 7809. ತಣ್ಣಗಿದ್ದಾಗ ಒಳಗ 10.9, ಹೊರಗ 8.9. ಅರ್ಧಾ ತಾಸಿಗೆ ಒಳಗ 10.1, ಹೊರಗ 8.3. ಎಂಟು ಸೆಲ್ ಹಚ್ಚಿದೆ, ಗುಂಯ್ ಪೂರ್ತಿ ಹೋತು, ಹೊರಗ 9.0 ನಿಂತೈತಿ, ಒಂದು ತಾಸು ಬಿಟ್ರೂ ಆ್ಯಪ್‌ನ್ಯಾಗ 4 ಸೆಂಟ್ ಅಷ್ಟ ಅಲಗಿತು. ಅವ್ವ ತನ್ನ ಪಾಠಾ ನಿಲ್ಲಿಸಿ ಬಂದು ಕೇಳಿ ಕುಂತಳು. ಖರಜ ಮತ್ತ ಜೋಡಿ (ನಡುವಿನ ಎರಡು ಷಡ್ಜದ ತಂತಿ) ನಡುವ ಸಣ್ಣ ಅಲಿ (ಬಡಿದಾಟ) ಇನ್ನೂ ಐತಿ. ಈಗರೆ ಪ್ರೀಸೆಟ್ ತಿರುವಲೇನ್ರಿ?

ಧಾರವಾಡದಿಂದ:

ಭಾಳ ಖುಷಿ ಆತ್ರಿ. ಈಗ ತಿರುವ್ರಿ, ಆದ್ರ ಸೆಲ್ ಮ್ಯಾಲ ಅಲ್ಲ. 12 ವೋಲ್ಟಿನ ಸರಿಯಾದ ಅಡಾಪ್ಟರ್ ತಂದು, ಪಿನ್ನಿನ ಪ್ಲಸ್ ಮೈನಸ್ ಮೀಟರಿನ್ಯಾಗ ನೋಡಿ, ಫಿಲ್ಟರ್ ಕಂಡೆನ್ಸರ್ ಹೆಂಗೂ ಹದಿನೈದು ವರ್ಷದ್ದು ಅದನ್ನ ಬದಲಿ ಮಾಡಿ, ಅರ್ಧಾ ತಾಸು ಸೆಟ್ ಹಚ್ಚಿಟ್ಟು ಆಮ್ಯಾಲ. ಮುಚ್ಚಳಾ ಆದಷ್ಟು ಮುಚ್ಚಿರಲಿ, ಒಳಗಿನ ಬಿಸಿ ದಿನಾ ಇದ್ದಂಗ ಇರಬೇಕು. ಪ್ರತಿ ಪ್ರೀಸೆಟ್ ಮ್ಯಾಲ ಮಾರ್ಕರಿನಿಂದ ಈಗಿನ ಜಾಗಾಕ್ಕ ಗೆರಿ ಎಳೀರಿ. ಪ್ಲಾಸ್ಟಿಕ್ ಸ್ಕ್ರೂ ಡ್ರೈವರ್ ತಗೊಳ್ರಿ, ಕಬ್ಬಿಣದ್ದಾದ್ರ ಕೈ ಹತ್ರ ಬಂದಾಗೊಂದು ದೂರ ಹೋದಾಗೊಂದು ಸ್ವರ ಬರಬಹುದು.

ಮೊದಲ ಜೋಡಿ ಷಡ್ಜ, ಅದು 207.65ಕ್ಕ ಬರಲಿ, ಇದಕ್ಕ ಮೊಬೈಲ್ ಆ್ಯಪ್ ಸಾಕು, ಮೊಬೈಲ್ ಕ್ರಿಸ್ಟಲಿನ ತಪ್ಪು ಒಂದು ಸೆಂಟಿನ ಸಣ್ಣ ತುಣುಕು ಅಷ್ಟ. ಆಮ್ಯಾಲ ಖರಜ, ಇದನ್ನ ಆ್ಯಪ್ ನೋಡಿ ಅಲ್ಲ, ಜೋಡಿ ಕೂಡ ಕೇಳಿ ಅಲಿ ನಿಲ್ಲೂ ತನಕ. ಕಡೀಕ ಪಂಚಮ. ಇಲ್ಲೆ ಆ್ಯಪ್ ಹೇಳಿದ್ದು ಕೇಳಬ್ಯಾಡ್ರಿ, ಆ್ಯಪ್ ಹಾರ್ಮೋನಿಯಂ ಲೆಕ್ಕದ ಪಂಚಮ ತೋರಸ್ತೈತಿ, ಮಂದ್ರದಾಗ 155.56. ತಂಬೂರಿಗೆ ಬೇಕಾದ್ದು ಷಡ್ಜದ ಮುಕ್ಕಾಲು, 155.74, ಅಂದ್ರ ಆ್ಯಪ್‌ನ್ಯಾಗ ಎರಡು ಸೆಂಟ್ ಮ್ಯಾಲ. ಅಲ್ಲಿಗೆ ಬಂದಮ್ಯಾಲ ಡ್ರೈವರ್ ಹಿಡಕೊಂಡು ನಿಮ್ಮ ಅವ್ವಾರನ್ನ ಎದುರಿಗೆ ಕುಂದರಸ್ರಿ, ಅವರು ಸಾಕು ಅಂದಲ್ಲೆ ನಿಲ್ಲಸ್ರಿ, ಮತ್ತ ಆ ಜಾಗಾಕ್ಕ ಬ್ಯಾರೆ ಬಣ್ಣದ ಇನ್ನೊಂದು ಗೆರಿ ಎಳೀರಿ.