ಸೆಕ್ಸ್ ಥೆರಪಿಗೆ ಮೊದಲ ಸಲ ಹೋಗ್ತಿದ್ದೀವಿ, ಅಲ್ಲಿ ಏನೇನು ನಡೆಯುತ್ತೆ? ಹೋಗಿ ಬಂದವರು ಹೇಳಿ

ಮದುವೆಯಾಗಿ ಕೆಲವು ವರ್ಷ ಆಯ್ತು. ಸೇರುವಾಗ ನನಗೆ ತುಂಬಾ ನೋವು, ಎಷ್ಟೋ ಸಲ ಒಳಗೆ ಹೋಗೋದೇ ಇಲ್ಲ. ನನ್ನ ಮುಖ ನೋಡಿ ನೋಡಿ ಈಗ ಅವರಿಗೂ ನಿಮಿರುವಿಕೆ ಅರ್ಧಕ್ಕೇ ಇಳಿದುಹೋಗುತ್ತೆ. ಸ್ತ್ರೀರೋಗ ತಜ್ಞೆ ಪರೀಕ್ಷೆ ಮಾಡಿ, ಸೋಂಕು ಗಾಯ ಏನೂ ಇಲ್ಲ, ಸೆಕ್ಸ್ ಥೆರಪಿಸ್ಟ್ ನೋಡಿ ಅಂದ್ರು. ಮುಂದಿನ ವಾರ ಮೊದಲ ಸೆಷನ್. ಬಟ್ಟೆ ತೆಗೆಸ್ತಾರಾ? ಏನೇನು ಕೇಳ್ತಾರೆ? ಗಂಡ ಬರಲ್ಲ ಅಂದ್ರೆ ಏನು ಮಾಡಲಿ? ನಾಚಿಕೆ ಆಗುತ್ತೆ, ಹೆಸರು ಹಾಕದೆ ಕೇಳ್ತಿದ್ದೀನಿ.

ಇದೇ ತೊಂದರೆ ಇದ್ದವಳು:

ಬಟ್ಟೆ ತೆಗೆಯೋದು, ಮುಟ್ಟೋದು, ಅವರ ಎದುರು ಏನಾದ್ರೂ ಮಾಡಿ ತೋರಿಸೋದು ಯಾವುದೂ ಇಲ್ಲ. ಕುರ್ಚಿಯಲ್ಲಿ ಕೂತು ಮಾತಾಡೋದಷ್ಟೇ. ಥೆರಪಿಸ್ಟ್ ಅನ್ನಿಸಿಕೊಂಡವರು ಮುಟ್ಟೋಕೆ ಬಂದ್ರೆ, 'ನಾನೇ ಕಲಿಸಿಕೊಡ್ತೀನಿ' ಅಂದ್ರೆ, ಎದ್ದು ಬಂದು ದೂರು ಕೊಡಿ. ದೇಹ ಪರೀಕ್ಷೆ ಬೇಕಾದ್ರೆ ಡಾಕ್ಟರ ಹತ್ರ ಕಳಿಸ್ತಾರೆ.

ಮೊದಲ ಸೆಷನ್ ಪೂರ್ತಿ ಪ್ರಶ್ನೆಗಳೇ. ನೋವು ಮೊದಲ ಸಲದಿಂದಲೂ ಇತ್ತಾ, ನಡುವೆ ಶುರುವಾಯ್ತಾ? ಯೋನಿಯ ಬಾಯಲ್ಲೇ ಉರಿಯುತ್ತಾ, ಆಳಕ್ಕೆ ಹೋದಾಗ ನೋಯುತ್ತಾ? ಯಾವ ಮಾತ್ರೆ ತಗೋತೀರಾ? ಹೆರಿಗೆ, ಆಪರೇಷನ್ ಆಗಿದೆಯಾ? ಒಬ್ಬರೇ ಇದ್ದಾಗ ಸುಖ ಅನ್ನಿಸುತ್ತಾ? ಚಿಕ್ಕಂದಿನಲ್ಲಿ ಮನೆಯಲ್ಲಿ ಈ ವಿಷಯ ಹೇಗೆ ಬರ್ತಿತ್ತು, ಯಾರಾದ್ರೂ ಬಲವಂತ ಮಾಡಿದ್ರಾ ಅಂತಾನೂ ಕೇಳ್ತಾರೆ. 'ಇದನ್ನ ಇವತ್ತು ಹೇಳಲ್ಲ' ಅನ್ನಬಹುದು, ಯಾರೂ ಒತ್ತಾಯ ಮಾಡಲ್ಲ. ನನಗೆ ಬಾಯೇ ಬರಲಿಲ್ಲ. ಮೊಬೈಲ್‌ನಲ್ಲಿ ಬರೆದಿಟ್ಟಿದ್ದನ್ನ ಅವರ ಕೈಗೆ ಕೊಟ್ಟೆ. ಅವರು ಓದಿ, ಮಂಡಿನೋವಿನ ಬಗ್ಗೆ ಕೇಳೋ ಅದೇ ದನಿಯಲ್ಲಿ ಮುಂದಿನ ಪ್ರಶ್ನೆ ಕೇಳಿದ್ರು. ಅಲ್ಲಿಗೆ ನನ್ನ ಅರ್ಧ ನಾಚಿಕೆ ಹೋಯ್ತು.

ನನಗಿದ್ದದ್ದು ವ್ಯಾಜಿನಿಸ್ಮಸ್. ಕಣ್ಣಿಗೆ ಧೂಳು ಹಾರಿದಾಗ ರೆಪ್ಪೆ ತಾನಾಗೇ ಮುಚ್ಚಿಕೊಳ್ಳೋ ಹಾಗೆ ಯೋನಿಯ ಸುತ್ತಲಿನ ಸ್ನಾಯು ಬಿಗಿಯುತ್ತೆ, ನಾವು ಬೇಕಂತ ಮಾಡೋದಲ್ಲ. ನಿಮ್ಮದೂ ಅದೇನಾ ಅಂತ ಅವರೇ ಹೇಳಬೇಕು. ನನ್ನನ್ನ ಥೆರಪಿ ಜೊತೆಗೆ ಪೆಲ್ವಿಕ್ ಫ್ಲೋರ್ (ಕಿಬ್ಬೊಟ್ಟೆಯ ತಳದ ಸ್ನಾಯುಗಳು) ಫಿಸಿಯೋಥೆರಪಿಸ್ಟ್ ಹತ್ರ ಕಳಿಸಿದ್ರು, ಡೈಲೇಟರ್ ಹೇಳಿಕೊಟ್ರು. ಅದು ನುಣುಪಾದ ಕಡ್ಡಿಗಳ ಸೆಟ್, ಕಿರುಬೆರಳಿನಷ್ಟು ಸಣ್ಣದರಿಂದ ಶುರು. ಜೆಲ್ ಹಚ್ಚಿ, ಉಸಿರು ಬಿಡೋವಾಗ ಮೆಲ್ಲಗೆ ಒಳಗೆ ಬಿಟ್ಟು, ಸುಮ್ಮನೆ ಮಲಗಿರೋದು. ಬಿಗಿ ಅನ್ನಿಸಿದ್ರೆ ಅಲ್ಲೇ ನಿಲ್ಲಿಸೋದು, ನೋವು ನುಂಗಿಕೊಂಡು ತಳ್ಳೋದಲ್ಲ. ಮುಂದಿನ ಸೈಜ್‌ಗೆ ಹೋಗೋಕೆ ಅವಸರವೇ ಬೇಡ. ಇನ್ನೊಂದು, ಎಲ್ಲೋ ಓದಿ ಕೆಗೆಲ್, ಅಂದ್ರೆ ಆ ಸ್ನಾಯುಗಳನ್ನ ಬಿಗಿ ಹಿಡಿಯೋ ವ್ಯಾಯಾಮ, ಶುರು ಮಾಡಬೇಡಿ. ಆಗಲೇ ಬಿಗಿಯಾಗಿರೋ ಸ್ನಾಯುಗೆ ಸಡಿಲ ಬಿಡೋದನ್ನ ಕಲಿಸಬೇಕು.

ಒಬ್ಬ ಗಂಡ:

ನಿಮ್ಮ ಯಜಮಾನರ ಕಡೆಯಿಂದ ನಾನು ಹೇಳ್ತೀನಿ. ನನ್ನನ್ನ ಮೊದಲು ಕೇಳಿದ್ದು, ಬೆಳಿಗ್ಗೆ ಏಳುವಾಗ ನಿಮಿರಿರುತ್ತಾ ಅಂತ. ಇರುತ್ತೆ ಅಂದ್ರೆ ನರ, ರಕ್ತ ಸಂಚಾರ ಬಹುಪಾಲು ಸರಿ ಇದೆ, ತೊಂದರೆ ಆತಂಕದಿಂದ ಇರಬಹುದು ಅಂತ ಅಂದಾಜು ಮಾಡ್ತಾರಂತೆ. ಆದ್ರೂ ಸಕ್ಕರೆ, ಬಿಪಿ, ಕೊಲೆಸ್ಟ್ರಾಲ್, ಟೆಸ್ಟೋಸ್ಟಿರಾನ್ ನೋಡಿಸಿದ್ರು. ನಿಮಿರುವಿಕೆ ಕಮ್ಮಿ ಆಗೋದು ಕೆಲವರಲ್ಲಿ ಹೃದಯದ ತೊಂದರೆಗೆ ಮುಂಚಿನ ಸೂಚನೆ, ಹಾಗಾಗಿ ಆ ಟೆಸ್ಟ್ ತಪ್ಪಿಸಬೇಡಿ.

ಆಮೇಲೆ ಬಂತು ನೋಡಿ, ಯಾರೂ ಊಹಿಸದ ಮಾತು: ನಾವು ಹೇಳೋವರೆಗೆ ಸೇರಬೇಡಿ! ದುಡ್ಡು ಕೊಟ್ಟು ಬಂದಿರೋದೇ ಅದಕ್ಕೆ, ಇವರು ಅದನ್ನೇ ಬೇಡ ಅಂತಾರಲ್ಲ ಅಂತ ಸಿಟ್ಟು ಬಂತು. ಇದು ಅಮೆರಿಕದ ವಿಲಿಯಂ ಮಾಸ್ಟರ್ಸ್, ವರ್ಜೀನಿಯಾ ಜಾನ್ಸನ್ ರೂಪಿಸಿ 1970ರಲ್ಲಿ ಪ್ರಕಟಿಸಿದ ವಿಧಾನ, ಸೆನ್ಸೇಟ್ ಫೋಕಸ್ ಅಂತಾರೆ, ಇವತ್ತಿಗೂ ನಡೀತಿದೆ. ಮನೆಯಲ್ಲಿ ಒಬ್ಬರು ಮುಟ್ಟೋದು, ಇನ್ನೊಬ್ಬರು ಸುಮ್ಮನಿರೋದು, ಆಮೇಲೆ ಅದಲುಬದಲು. ಮೊದಮೊದಲು ಎದೆ, ಜನನಾಂಗ ಮುಟ್ಟೋ ಹಾಗಿಲ್ಲ. ಉದ್ರೇಕ ಆಗಲೇಬೇಕು ಅಂತೇನೂ ಇಲ್ಲ. ಚರ್ಮ ಬೆಚ್ಚಗಿದೆಯಾ, ಒರಟಾಗಿದೆಯಾ, ಅಷ್ಟು ಗಮನಿಸಿದ್ರೆ ಸಾಕು.

ಮೊದಲ ದಿನ ಇಬ್ಬರಿಗೂ ನಗು ತಡೆಯೋಕಾಗಲಿಲ್ಲ. ಮಂಡಿ ಹಿಂದೆ ಕೈ ಇಟ್ರೆ ಅವಳಿಗೆ ಕಚಗುಳಿ, ನಾನು ಗಡಿಯಾರ ನೋಡ್ತಿದ್ದೆ. ಆದ್ರೆ 'ಇವತ್ತು ಆಗುತ್ತೋ ಇಲ್ವೋ' ಅನ್ನೋ ಪರೀಕ್ಷೆಯೇ ಇಲ್ಲದಾಗ ಮೈ ತಾನಾಗೇ ಸಡಿಲ ಆಗ್ತಾ ಬಂತು. ಒಂದು ದಿನ ನಿಮಿರಿತು, ಅವತ್ತೂ ನಿಯಮ ಮುರೀಲಿಲ್ಲ, ಇಳಿಯೋಕೆ ಬಿಟ್ವಿ. ಇಳಿದದ್ದು ಮತ್ತೆ ಬರುತ್ತೆ ಅಂತ ಗೊತ್ತಾಗಿದ್ದೇ ಆಗ. ನನ್ನ ಪ್ರಕಾರ ಇಡೀ ಥೆರಪಿಯಲ್ಲಿ ಕೆಲಸ ಮಾಡೋದು ಈ 'ಬೇಡ'ವೇ. ನಿಮ್ಮಿಬ್ಬರಿಗೂ ಇದನ್ನೇ ಹೇಳಿದ್ರೆ ಸಿಟ್ಟಾಗಬೇಡಿ.

ಒಬ್ಬಳೇ ಹೋದವಳು:

ಯಜಮಾನರು ಬರದಿದ್ರೂ ಹೋಗಿ. ನಮ್ಮವರು ಕೊನೆವರೆಗೂ ಬರಲಿಲ್ಲ. ನನ್ನ ಭಾಗ ಸರಿಹೋಯ್ತು, ಜೋಡಿಯಾಗಿ ಮಾಡಬೇಕಾದ್ದು ಉಳೀತು. ಏನೂ ಇಲ್ಲದ್ದಕ್ಕಿಂತ ವಾಸಿ.

ಥೆರಪಿಸ್ಟ್ ಬದಲಾಯಿಸಿದವರು:

ಅಪಾಯಿಂಟ್‌ಮೆಂಟ್ ಮಾಡುವಾಗಲೇ ಅವರ ಓದು ಕೇಳಿ. ಮನಃಶಾಸ್ತ್ರ ಅಥವಾ ವೈದ್ಯಕೀಯ ಹಿನ್ನೆಲೆ ಇದ್ದು, ಅದರ ಮೇಲೆ ಲೈಂಗಿಕ ಚಿಕಿತ್ಸೆಯ ತರಬೇತಿ ಆಗಿರಬೇಕು. ಗ್ಯಾರಂಟಿ ಕೊಡುವವರು, ಹೆಸರಿಲ್ಲದ ಪುಡಿ ಎಣ್ಣೆ ಮಾರುವವರು ಬೇಡವೇ ಬೇಡ. ಇನ್ನೊಂದು ಪ್ರಶ್ನೆ ಹೆಚ್ಚಿನವರಿಗೆ ಹೊಳೆಯುವುದಿಲ್ಲ. ಇಬ್ಬರನ್ನೂ ಬೇರೆಬೇರೆಯಾಗಿ ಕೂರಿಸಿ ಮಾತಾಡುವುದುಂಟು. ಆಗ ಹೇಳಿದ್ದನ್ನು ಇನ್ನೊಬ್ಬರಿಗೆ ತಿಳಿಸುತ್ತೀರಾ ಎಂದು ಮೊದಲೇ ಕೇಳಿಕೊಳ್ಳಿ. ಒಬ್ಬೊಬ್ಬರ ನಿಯಮ ಒಂದೊಂದು ಥರ. ನಮ್ಮ ಮೊದಲ ಥೆರಪಿಸ್ಟ್ ಮಾತು ಮಾತಿಗೂ 'ನೀವು ಸ್ವಲ್ಪ ಸಹಕರಿಸಬೇಕಮ್ಮ' ಎನ್ನುತ್ತಿದ್ದರು. ನೋವಿರುವವಳಿಗೆ ಸಹಕರಿಸು ಎನ್ನುವವರ ಹತ್ತಿರ ಎರಡನೇ ಸಲ ಹೋಗುವ ಅಗತ್ಯವಿಲ್ಲ.

ಮಾತ್ರೆ ತಗೊಳ್ತಿರೋ ಒಬ್ಬರು:

ಖಿನ್ನತೆಗೆ ಕೊಡೋ ಕೆಲವು ಮಾತ್ರೆ ಆಸೆ ಕುಗ್ಗಿಸುತ್ತೆ, ಸ್ಖಲನ ತಡ ಮಾಡುತ್ತೆ. ಇಬ್ಬರ ಮಾತ್ರೆಗಳ ಪಟ್ಟಿ ತಗೊಂಡು ಹೋಗಿ. ನೀವಾಗೇ ನಿಲ್ಲಿಸಬೇಡಿ, ಬರೆದುಕೊಟ್ಟ ಡಾಕ್ಟರೇ ಬದಲಾಯಿಸಬೇಕು.

ಪ್ರಶ್ನೆ ಕೇಳಿದವಳು:

ಎಲ್ಲರಿಗೂ ಥ್ಯಾಂಕ್ಸ್. ಮೇಲಿನ ಉತ್ತರಗಳನ್ನ ಅವರಿಗೂ ಓದಿಸಿದೆ. ಬರ್ತೀನಿ, ಆದ್ರೆ ಬಾಯಿ ಬಿಡಲ್ಲ ಅಂತಿದ್ದಾರೆ. ಸರಿಹೋಗೋಕೆ ಎಷ್ಟು ದಿನ ಬೇಕು?

ಇದೇ ತೊಂದರೆ ಇದ್ದವಳು:

ವಾರಗಳ ಲೆಕ್ಕ ಹಾಕಬೇಡಿ, ತಿಂಗಳುಗಳೇ ಬೇಕು ಅಂದ್ಕೊಳ್ಳಿ. ಮನೆಯಲ್ಲಿ ಮಾಡೋ ಅಭ್ಯಾಸ ಬಿಟ್ಟುಹೋದ ವಾರ ಸೆಷನ್ ತಪ್ಪಿಸಬೇಡಿ, ಯಾಕೆ ಆಗಲಿಲ್ಲ ಅನ್ನೋದೇ ಅವತ್ತಿನ ಮಾತಾಗುತ್ತೆ. ಯಜಮಾನರು ಬಾಯಿ ಬಿಡದೇ ಕೂತ್ರೂ ಬರಲಿ ಬಿಡಿ. ನಮ್ಮವರೂ ಮೊದಲ ಸೆಷನ್ ಪೂರ್ತಿ ಫ್ಯಾನ್ ನೋಡ್ತಾ ಕೂತಿದ್ರು, ಮೂರನೇದರಲ್ಲಿ ನನಗೆ ಮಾತಾಡೋಕೆ ಜಾಗವೇ ಬಿಡಲಿಲ್ಲ.