ಅಪ್‌ಡೇಟ್: ಕೆರೆ ಏರಿಯ ವೀರಗಲ್ಲು ಎದ್ದು ನಿಂತಿದೆ

ನಮ್ಮೂರ ಇತಿಹಾಸ ಬಳಗದ ಪರವಾಗಿ ಹಿಂದೆ ಕೇಳಿದ್ದೆ: ಕೆರೆ ಏರಿಯ ಬಳಿ ಬೋರಲಾಗಿ ಬಿದ್ದು, ಬಟ್ಟೆ ಒಗೆಯುವ ಕಲ್ಲಾಗಿರುವ ವೀರಗಲ್ಲನ್ನು (ಹೋರಾಡಿ ಮಡಿದ ವೀರನ ನೆನಪಿಗೆ ನಿಲ್ಲಿಸಿದ ಕೆತ್ತನೆಯ ಕಲ್ಲು) ಉಳಿಸಿಕೊಳ್ಳುವುದು ಹೇಗೆ? ನೀವು ಹೇಳಿದಂತೆ ಮೊದಲು ಪಂಚಾಯಿತಿಗೂ ಪುರಾತತ್ವ ಇಲಾಖೆಗೂ ಪತ್ರ ಬರೆದೆವು. ಒಪ್ಪಿಗೆ ಬಂದ ಮೇಲೆ, ಕಳೆದ ಭಾನುವಾರ ಅದೇ ಜಾಗದಲ್ಲಿ ಎತ್ತಿ ನಿಲ್ಲಿಸಿದೆವು.

ಆಸಿಡ್, ತಂತಿ ಬ್ರಷ್ ಮುಟ್ಟಲಿಲ್ಲ. ನೀರು ಮತ್ತು ಮೆತ್ತನೆಯ ಬ್ರಷ್ ಅಷ್ಟೇ. ಮಣ್ಣು ಕರಗಿದಂತೆ ಕೆಳಗಿನ ಪಟ್ಟಿಕೆಯಲ್ಲಿ (ಕೆತ್ತನೆಯ ಅಡ್ಡ ಸಾಲು) ಹೋರಾಟ, ಅದರ ಮೇಲೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ತುದಿಯಲ್ಲಿ ಶಿವಲಿಂಗ, ಸೂರ್ಯ, ಚಂದ್ರ. ವೀರನ ಹಿಂದೆ ದನಗಳಿವೆ. ಅಂದರೆ ತುರುಗಾಳಗದಲ್ಲಿ, ದನಗಳಿಗಾಗಿ ನಡೆದ ಕಾದಾಟದಲ್ಲಿ, ಮಡಿದವನು! ನೋಡಲು ಬಂದಿದ್ದ ಅಜ್ಜಿಯೊಬ್ಬರು ಕೈಮುಗಿದು ನಿಂತುಬಿಟ್ಟರು. ನನಗೂ ಕಣ್ಣು ತುಂಬಿತು.

ರಾತ್ರಿ ಟಾರ್ಚನ್ನು ಓರೆಯಾಗಿ ಹಿಡಿದಾಗ ಪಟ್ಟಿಕೆಗಳ ನಡುವೆ ಅಕ್ಷರಗಳು ಕಂಡವು. ಬಿ.ಎಲ್. ರೈಸ್ ಅವರ ಶಾಸನ ಸಂಗ್ರಹ ‘ಎಪಿಗ್ರಾಫಿಯಾ ಕರ್ನಾಟಿಕ’ದಲ್ಲಿ ನಮ್ಮ ತಾಲ್ಲೂಕಿನ ಭಾಗವನ್ನೆಲ್ಲ ಹುಡುಕಿದರೂ ಈ ಶಾಸನ ಸಿಗಲಿಲ್ಲ. ಫೋಟೊಗಳು ಈಗ ಶಾಸನತಜ್ಞರೊಬ್ಬರ ಕೈಯಲ್ಲಿವೆ.

ಎಣ್ಣೆ, ಕುಂಕುಮ ಹಚ್ಚಬಾರದೆಂದು ಊರವರನ್ನು ಒಪ್ಪಿಸುವುದೇ ಎಲ್ಲಕ್ಕಿಂತ ಕಷ್ಟವಾಯಿತು. ಕೊನೆಗೆ ಎದುರಿಗೆ ಬೇರೆಯೇ ದೀಪದ ಕಲ್ಲು ಇಟ್ಟೆವು. ಬಟ್ಟೆ ಒಗೆಯುವವರಿಗೆ ಹೊಸ ಚಪ್ಪಡಿಯನ್ನೂ ಹಾಕಿಸಿದ್ದೇವೆ.